ಮಾಕೆರೆತಾ ಕಚೇರಿ ಸಾಗಿಸಿದ್ದು

ನಮ್ಮ ಕೊಬ್ಬರಿ ಎಣ್ಣೆ ಕಂಪನಿಯಲ್ಲಿ ಮಾಕೆರೆತಾ ಇಪ್ಪತ್ತಾರು ವರ್ಷದಿಂದ ಆಡಳಿತ ಸಹಾಯಕಿ. ಬೀಗದ ಕೈಗಳು, ರಜೆ ಚೀಟಿಗಳು, ಚಹಾದ ಸಕ್ಕರೆ, ಯಾರ ಮಗುವಿಗೆ ಜ್ವರ ಎಂಬ ಸುದ್ದಿ, ಎಲ್ಲ ಅವಳ ಹತ್ತಿರವೇ ಇರುತ್ತಿದ್ದವು. ಯಾರು ಏನು ಹೇಳಿದರೂ "ಆಯ್ತು" ಅನ್ನುವಳು. ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡುವಳು. ಅವಳ ಎದುರು ಮೇಜಿನಲ್ಲಿ ಹನ್ನೊಂದು ವರ್ಷ ಕೂತ ನನಗೆ ಯಾವ "ಆಯ್ತು" ನಿಜದ್ದೆಂದು ತಿಳಿಯುತ್ತಿತ್ತು.

ರಾಜಧಾನಿ ಸುವಾದಲ್ಲಿದ್ದ ಕಚೇರಿ ಮುಚ್ಚಿ, ಗಿರಣಿ ಇರುವ ಸವುಸವುಗೇ ಎಲ್ಲರೂ ಹೋಗಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಹತ್ತೊಂಬತ್ತು ಕುಟುಂಬಗಳು ಮೂರು ತಿಂಗಳೊಳಗೆ ಸಮುದ್ರ ದಾಟಿ ಇನ್ನೊಂದು ದ್ವೀಪ ಸೇರಬೇಕು. ಮ್ಯಾನೇಜರ್ ಜೈನೇಂದ್ರ ದತ್ ಆಕ್ಲೆಂಡಿನಿಂದ ನಲವತ್ತು ಪುಟದ ಯೋಜನೆ ತರಿಸಿ ಮಾಕೆರೆತಾಳ ಕೈಗಿಟ್ಟರು.

"ಇದರಲ್ಲಿ ಎಲ್ಲಾ ಇದೆ. ಇದ್ದ ಹಾಗೇ ನಡೆಸಿದ್ರೆ ಸಾಕು."

"ಆಯ್ತು ಬಾಸ್."

ಕುರ್ಚಿ, ಕಂಪ್ಯೂಟರ್, ಕಡತಗಳಿಗೆ ಮೂವತ್ತೆಂಟು ಪುಟ, ಮನುಷ್ಯರಿಗೆ ಎರಡು. ಆ ಎರಡನ್ನು ಕಿತ್ತಿಟ್ಟುಕೊಂಡು ಉಳಿದದ್ದನ್ನು ಅಲ್ಲಾಡುತ್ತಿದ್ದ ಚಹಾ ಮೇಜಿನ ಕಾಲಡಿ ಸೇರಿಸಿದಳು.

ಸಂಜೆ ಹೊತ್ತು ಕೊಡೆ ಹಿಡಿದು ಮನೆಮನೆಗೆ ಹೋದಳು. ಒಬ್ಬರ ಮಗಳಿಗೆ ಶಾಲೆ, ಇನ್ನೊಬ್ಬರ ಗಂಡನಿಗೆ ಕೆಲಸ ಹುಡುಕಬೇಕಿತ್ತು. ಉಗ್ರಾಣದ ವಿಲಿಮೋನಿಯ ತಾಯಿಯದು ಬೇರೆಯೇ ತಕರಾರು.

"ಇಲ್ಲಿ ಚರ್ಚಲ್ಲಿ ಕಿಟಕಿ ಪಕ್ಕ ಕೂರ್ತೀನಿ ಕಣೆ. ಅಲ್ಲಿ ನನ್ನನ್ನ ಬಾಗಿಲ ಹತ್ರ ಕೂರಿಸ್ತಾರೆ."

ಮಾಕೆರೆತಾ ಅಲ್ಲೇ ಕೂತು ಸವುಸವುದ ಪಾದ್ರಿಗೆ ಫೋನ್ ಮಾಡಿ, ಅಜ್ಜಿಯ ಕಡೆ ತಿರುಗಿದಳು. "ಎರಡನೇ ಸಾಲು, ಕಿಟಕಿ ಪಕ್ಕ. ಗಾಳಿ ಬರುತ್ತಂತೆ ಅಜ್ಜಿ. ಇನ್ನೇನು?"

ಅಜ್ಜಿ ಸ್ವಲ್ಪ ಯೋಚಿಸಿ, "ಮ್ಯಾನೇಜರೂ ಬರ್ತಾನಾ?" ಎಂದಳು.

ಹೋದಲ್ಲೆಲ್ಲ ಕೊನೆಗೆ ಇದೇ ಪ್ರಶ್ನೆ. ಮರುದಿನ ಮಾಕೆರೆತಾ ನನ್ನೆದುರೇ ಬಾಸನ್ನು ಕೇಳಿದಳು.

"ನಾನು ಇಲ್ಲಿಂದಲೇ ನೋಡ್ಕೋತೀನಿ," ಎಂದರು ಅವರು. "ತಿಂಗಳಿಗೊಂದ್ಸಲ ವಿಮಾನದಲ್ಲಿ ಬಂದು ಹೋಗ್ತೀನಿ. ಶಿರೋಮಣಿ ಸುವಾ ಬಿಟ್ಟು ಬರಲ್ಲ ಅಂತ ಹಟ ಹಿಡಿದಿದಾಳೆ. ಹೆಂಗಸರ ಮನಸ್ಸು, ಏನ್ಮಾಡ್ತೀಯ."

"ಆಯ್ತು ಬಾಸ್."

ಇದು ಸುಳ್ಳು "ಆಯ್ತು" ಎಂದು ನನಗೆ ಆಗಲೇ ಗೊತ್ತಾಯಿತು.

ಶನಿವಾರ ಮಾರುಕಟ್ಟೆಯಲ್ಲಿ, ಕೆಸುವಿನ ಗೆಡ್ಡೆಗಳ ರಾಶಿ ಮುಂದೆ, ಬಾಸಿನ ಹೆಂಡತಿ ಶಿರೋಮಣಿ ಸಿಕ್ಕರು. ನಾನೂ ಚೀಲ ಹಿಡಿದು ಜೊತೆಗಿದ್ದೆ.

"ಸುವಾ ಮೇಲೆ ಅಷ್ಟೊಂದು ಪ್ರೀತಿನಾ ಶಿರೋ?"

"ನನಗಾ? ಈ ಮಳೇಲಿ ಬಟ್ಟೆ ಒಣಗಿ ಹದಿನೈದು ದಿನ ಆಯ್ತು. ನನ್ನ ತಂಗಿ ಸವುಸವುದಲ್ಲೇ ಇದಾಳೆ. ಮ್ಯಾನೇಜರ್ ಮನೆಯವರನ್ನ ಕಂಪನಿ ಕರ್ಕೊಂಡು ಹೋಗಲ್ಲ ಅಂದ್ರಲ್ಲ ಇವ್ರು?"

"ನೀನೇ ಬರಲ್ಲ ಅಂತ ಹಟ ಹಿಡಿದಿದೀಯ ಅಂದ್ರು ನನಗೆ." ಮಾಕೆರೆತಾ ಚೀಲದಿಂದ ಸ್ಥಳಾಂತರಕ್ಕೆ ಪ್ರತಿ ಕುಟುಂಬ ತುಂಬಬೇಕಾದ ಅರ್ಜಿ ತೆಗೆದು, ಕುಂಬಳಕಾಯಿಯೊಂದರ ಮೇಲಿಟ್ಟು ಪೆನ್ನು ಬಿಚ್ಚಿದಳು. "ಮಂಚ ಎಷ್ಟು?"

"ಮೂರು. ಸೋಫಾ ಬರಿ. ಫ್ರಿಜ್ಜೂ ಬರಿ."

"ಸಾಕುಪ್ರಾಣಿ ಅಂತ ಒಂದು ಸಾಲಿದೆ."

"ಅಲ್ಲಿ ನಮ್ಮನೆಯವರ ಹೆಸರು ಹಾಕು."

ಮಾಕೆರೆತಾ ಹಾಕಿಯೇಬಿಟ್ಟಳು. ಸೋಮವಾರ ಟಿ.ವಿ.ಯಲ್ಲಿ ಏಳು ಮಂದಿಯ ರಗ್ಬಿ ಪಂದ್ಯ ನಡೆಯುತ್ತಿತ್ತು. ಬಾಸ್ ಪರದೆಯಿಂದ ಕಣ್ಣು ಕೀಳದೆ ಹತ್ತೊಂಬತ್ತು ಅರ್ಜಿಗಳಿಗೂ ಸಹಿ ಹಾಕಿದರು. ಅವರದು ಹನ್ನೆರಡನೆಯದಾಗಿತ್ತು.

ಸಾಗಣೆಯ ದಿನ ಮೊದಲ ಲಾರಿಯನ್ನು ಅವಳು ಕಳಿಸಿದ್ದು ಅವರ ಮನೆಗೇ. ಗಾಲ್ಫ್ ಆಡಿ ಮಧ್ಯಾಹ್ನ ಬಂದ ಬಾಸಿಗೆ ಖಾಲಿ ಗೋಡೆಗಳೂ ಒಂದು ಜೊತೆ ಚಪ್ಪಲಿಯೂ ಕಂಡವು. ನೇರ ಬಂದರಿಗೆ ಬಂದರು. ಅಲ್ಲಿ ಶಿರೋಮಣಿ ತಮ್ಮದೇ ಸೋಫಾದ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ಮಾಕೆರೆತಾ, ಯಾರ ಅಪ್ಪಣೆ ಮೇಲೆ ಇದೆಲ್ಲ?"

"ನಿಮ್ಮದೇ ಬಾಸ್." ಅರ್ಜಿ ಚಾಚಿದಳು.

ಅವರು ಓದಿದರು. ಕೆಳಗಿನ ಸಾಲಿಗೆ ಬಂದಾಗ ಕಿವಿ ಕೆಂಪಾಯಿತು. ಸುತ್ತ ನಿಂತವರು ಸಮುದ್ರದ ಕಡೆ ಮುಖ ಮಾಡಿದರು. ಯಾರಿಗೂ ನಗು ತಡೆಯಲಾಗುತ್ತಿರಲಿಲ್ಲ.

"ನೀವು ನನಗೆ ಹೇಳಿದ್ದೇ ಒಂದು, ಮಾಕೆರೆತಾಗೆ ಹೇಳಿದ್ದೇ ಇನ್ನೊಂದು ಅಂತ ಈಗ ಗೊತ್ತಾಗಿದೆ," ಎಂದರು ಶಿರೋಮಣಿ, ಸಿಪ್ಪೆ ಊದುತ್ತ. "ಹಡಗಿನಲ್ಲಿ ಮಾತಾಡೋಣ. ಹನ್ನೆರಡು ಗಂಟೆ ಪ್ರಯಾಣ ಇದೆ."

ಬಾಸ್ ಅರ್ಜಿ ಮಡಚಿ ಜೇಬಿಗಿಟ್ಟು ಹಡಗು ಹತ್ತಿದರು. ಅವರ ಹಿಂದೆ ವಿಲಿಮೋನಿಯ ತಾಯಿ, ಆಮೇಲೆ ಉಳಿದವರು. ಎರಡೇ ಕುಟುಂಬ ಸುವಾದಲ್ಲಿ ಉಳಿದವು. ಒಬ್ಬರ ಹೆಂಡತಿ ದಾದಿ, ಅವಳಿಗೆ ವರ್ಗವಾಗಲಿಲ್ಲ. ಇನ್ನೊಬ್ಬರಿಗೆ ಸಮುದ್ರವೆಂದರೆ ಹೊಟ್ಟೆ ತೊಳೆಸುತ್ತಿತ್ತು. ಆ ಇಬ್ಬರಿಗೂ ಮಾಕೆರೆತಾ ಬಂದರಿನ ಕಚೇರಿಯಲ್ಲಿ ಮೊದಲೇ ಮಾತಾಡಿ ಕೆಲಸ ಗೊತ್ತುಮಾಡಿದ್ದಳು.

ಅವಳು ಹಡಗಿನ ಕಟಕಟೆಗೆ ಒರಗಿ ನಿಂತಾಗ ಪಕ್ಕಕ್ಕೆ ಹೋದೆ.

"ಕೆಲಸ ಹೋಗಿದ್ರೆ ಏನ್ಮಾಡ್ತಿದ್ದೆ?" ಎಂದೆ.

"ಮೀನು ಮಾರ್ತಿದ್ದೆ. ನಿನಗೆ ಮಾತ್ರ ಹಳೇದನ್ನೇ ಕೊಡ್ತಿದ್ದೆ."

ಕೆಲಸ ಹೋಗಲಿಲ್ಲ. ಈಗ ಬಾಸ್ ಭಾನುವಾರ ಷಡ್ಡಕನ ಜೊತೆ ಬಿಸಿನೀರ ಬುಗ್ಗೆಯ ಹತ್ತಿರ ಮರಗೆಣಸು ಬೇಯಿಸಿಕೊಂಡು ಕೂರುತ್ತಾರೆ. ಸುವಾದಲ್ಲಿ ಹದಿಮೂರು ವರ್ಷ ಇದ್ದು ಏನು ಕಂಡೆವೋ ಎಂದು ಬಂದವರನ್ನೆಲ್ಲ ಕೇಳುತ್ತಾರೆ. ಸ್ಥಳಾಂತರ ಇಷ್ಟು ಸಲೀಸಾಗಿ ಆದದ್ದು ಆಕ್ಲೆಂಡಿನ ಯೋಜನೆಯಿಂದ ಎಂದು ಆಡಳಿತ ಮಂಡಳಿಗೆ ವರದಿಯನ್ನೂ ಬರೆದರು. ಅದನ್ನು ಟೈಪು ಮಾಡಿದವಳು ಮಾಕೆರೆತಾ, ಒಂದಕ್ಷರ ಬದಲಿಸಲಿಲ್ಲ.