ಒಂದೇ ವಿಷದ ಎರಡು ಬಾಟಲಿ

ಶಮಶುದ್ದೀನ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬಸವನ ಬಾಗೇವಾಡಿಯ ಶ್ರೀಶೈಲಪ್ಪನವರ ಕೀಟನಾಶಕದ ಅಂಗಡಿಗೆ ಸೇರಿದ. ಸೇರುವಾಗಲೇ ಸಾವುಕಾರರು ಅವನ ಅಂಕಪಟ್ಟಿ, ಪದವಿಪತ್ರಗಳ ಅಸಲನ್ನು ಇಸಿದುಕೊಂಡು ತಿಜೋರಿಯಲ್ಲಿಟ್ಟಿದ್ದರು. ಕೇಳಿದಾಗಲೆಲ್ಲ, ಹಂಗಾಮು ಮುಗಿಯಲಿ ಎನ್ನುತ್ತಿದ್ದರು. ಅವಿಲ್ಲದೆ ಅವನು ಬೇರೆಲ್ಲೂ ಕೆಲಸ ಕೇಳುವಂತಿರಲಿಲ್ಲ.

೧೯೯೭ರಲ್ಲಿ ತೊಗರಿಗೆ ಕಾಯಿಕೊರಕ ಹುಳ ವಿಪರೀತ ಬಿತ್ತು. ಎಷ್ಟು ಎಣ್ಣೆ ಹೊಡೆದರೂ ಸಾಯದು. ಹೊಲದ ಔಷಧಿಗೆ ಇಲ್ಲಿ ಎಣ್ಣೆ ಎಂದೇ ಹೆಸರು. ಇಂಗಳೇಶ್ವರದ ಮರೆವ್ವ ಬಂದಾಗ ಸಾವುಕಾರರು ಎರಡು ಬಾಟಲಿ ತೋರಿಸಿ, ಕೂಡಿಸಿ ಹೊಡೆ ಎಂದರು.

ಬಾಟಲಿಗಳ ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ವಿಷದ ಅಣುರಚನೆಯಲ್ಲಿ ಅಂಚಿನ ಕೊಂಡಿಗಳಷ್ಟೇ ಬೇರೆ. ನಡುವೆ ಕೂತಿದ್ದದ್ದು ಅದೇ ಫಾಸ್ಫರಸ್. ನರದ ಸುದ್ದಿ ಮುಟ್ಟಿದೊಡನೆ ಅದನ್ನು ಅಳಿಸುವ ಕಿಣ್ವವೊಂದಿದೆ. ಫಾಸ್ಫರಸ್ ಅದಕ್ಕೆ ಅಂಟಿಕೊಂಡರೆ ಸುದ್ದಿ ಅಳಿಯುವುದಿಲ್ಲ, ನರ ಸುಮ್ಮನಾಗುವುದಿಲ್ಲ. ಹುಳ ನಡುಗಿ ನಡುಗಿ ಸಾಯುತ್ತದೆ. ಮನುಷ್ಯರ ನರದಲ್ಲೂ ಅಂಥದೇ ಕಿಣ್ವವಿದೆ. ಶಮಶುದ್ದೀನ ಇದನ್ನು ಹೇಳಲು ಬಾಯಿ ತೆರೆದ. ಸಾವುಕಾರರು ಕಣ್ಣು ಕೆಕ್ಕರಿಸಿದರು. ಅವನು ಬಾಟಲಿಗಳನ್ನು ಕಾಗದದಲ್ಲಿ ಸುತ್ತಿಕೊಟ್ಟ.

ಮರುದಿನ ಸಂಜೆ, ಎಣ್ಣೆ ಹೊಡೆಯುತ್ತಲೇ ಹೊಲದಲ್ಲಿ ಬಿದ್ದ ಮರೆವ್ವನನ್ನು ಟೆಂಪೋದಲ್ಲಿ ದವಾಖಾನೆಗೆ ತಂದರೆಂದು ತಿಳಿದು ಶಮಶುದ್ದೀನ ಓಡಿದ. ಅವಳ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣಪಾಪೆ ಸಾಸಿವೆಗಿಂತ ಸಣ್ಣಗಾಗಿತ್ತು. ಡಾಕ್ಟರು ಯಾವ ಎಣ್ಣೆ ಎಂದು ಕೇಳುತ್ತಿದ್ದರು; ಗಂಡನಿಗೆ ಹೆಸರು ಗೊತ್ತಿರಲಿಲ್ಲ.

"ಎರಡೂ ಒಂದಽ ಜಾತೀವು ರೀ, ಫಾಸ್ಫರಸ್ ಇದ್ದದ್ದು," ಎಂದ ಶಮಶುದ್ದೀನ. "ನಾನಽ ಕಟ್ಟಿ ಕೊಟ್ಟೇನಿ."

ಡಾಕ್ಟರು ಅದರ ಪ್ರತಿವಿಷ ಆಟ್ರೋಪಿನ್ ಚುಚ್ಚಿದರು. ನಾಲ್ಕನೆಯ ದಿನ ಅವಳು ಎದ್ದು ಕೂತಳು.

ಹುಳ ಮಾತ್ರ ಸತ್ತಿರಲಿಲ್ಲ. ಎರಡು ವಾರಕ್ಕೆ ಅವಳು ಮತ್ತೆ ಅಂಗಡಿಗೆ ಬಂದು ಅದೇ ಜೋಡಿ ಬಾಟಲಿ ಕೇಳಿದಳು.

"ಬ್ಯಾಡಬೇ ಯವ್ವಾ," ಎಂದ ಶಮಶುದ್ದೀನ, ಸಾವುಕಾರರ ಎದುರಿಗೇ. "ಹೆಸರಷ್ಟಽ ಬ್ಯಾರೆ, ವಿಷ ಒಂದಽ. ಹುಳಕ್ಕ ಅದು ರೂಢಿ ಆಗೇತಿ, ನಿನಗ ಆಗಿಲ್ಲ. ಬುಡಕ್ಕ ತಾಡಪತ್ರಿ ಹಾಸಿ ಗಿಡ ಜಾಡಿಸು, ಉದುರ್ತಾವು."

ಅವಳು ಮನೆಮಂದಿಯನ್ನೆಲ್ಲ ಕರೆದುಕೊಂಡು ಹಾಗೇ ಮಾಡಿದಳು. ಅರ್ಧ ತೊಗರಿ ಕೈಗೆ ಬಂತು.

ಸಾವುಕಾರರು ಬೈಯಲಿಲ್ಲ. ಮರುದಿನದಿಂದ ಶಮಶುದ್ದೀನನನ್ನು ಅಂಗಡಿಯ ಹಿಂದಿನ ಗೋದಾಮಿಗೆ ಹಾಕಿದರು. ಪದವಿಪತ್ರಗಳು ತಿಜೋರಿಯಿಂದ ಹೊರಬರಲಿಲ್ಲ; ಕಿಟಕಿಯಿಲ್ಲದ ಆ ಕೋಣೆಯಲ್ಲಿ ಪೆಟ್ಟಿಗೆ ಇಳಿಸುತ್ತ, ಒಡೆಯುತ್ತ ಎಂಟು ವರ್ಷ ಕಳೆದವು. ಮಧ್ಯಾಹ್ನದ ಹೊತ್ತಿಗೆ ಎಣ್ಣೆಯ ವಾಸನೆಗೆ ತಲೆ ಸಿಡಿಯುತ್ತಿತ್ತು. ಗೋಡೆಯಾಚೆ ಸಾವುಕಾರರು ಯಾರಿಗೋ, ಎರಡೂ ಕೂಡಿಸಿ ಹೊಡೆ ಎನ್ನುವುದು ಕೇಳಿಸುತ್ತಿತ್ತು. ಒಳಗಿನಿಂದ ಬಾಟಲಿ ತೆಗೆದುಕೊಡುತ್ತಿದ್ದವನು ಅವನೇ.