ಕಿವಿಯ ಹಿಂದೆ ಒಂದು ಚುಕ್ಕೆ

ಶಾಲೆಯ ಹಳದಿ ಬಸ್ಸು ನಮ್ಮ ಬೀದಿಯ ತಿರುವಿನಲ್ಲಿ ನಿಂತಾಗ, ಎಮ್ಮೆಯೊಂದು ಕೆಸರಿನಲ್ಲಿ ಕೂತು ಉಸಿರು ಬಿಟ್ಟಂಥ ಸದ್ದಾಗುತ್ತದೆ. ಹೋಲಿಕೆ ನನ್ನದಲ್ಲ, ಹರ್ಕಮಾಯಾಳದು. ಭೂತಾನದಲ್ಲಿ ಅವಳಿಗೆ ಎಮ್ಮೆಗಳಿದ್ದವು. ಅಲ್ಲಿಂದ ಓಡಿಸಿದ ಮೇಲೆ ನೇಪಾಳದ ಶಿಬಿರದಲ್ಲಿ ಬಿದಿರಿನ ಗುಡಿಸಲಿತ್ತು. ಈಗ ಓಹಾಯೊದ ಆಕ್ರನ್‌ನಲ್ಲಿ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿ, ಮಗ, ಸೊಸೆ, ಮೊಮ್ಮಗಳು ಇದ್ದಾರೆ. ಮಗ ಸೊಸೆ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾರೆ. ಮೊಮ್ಮಗಳನ್ನು ಬಸ್ಸು ಹತ್ತಿಸುವುದು, ಇಳಿಸಿಕೊಳ್ಳುವುದು, ಶಾಲೆಯವರು ಕರೆದಾಗ ಹೋಗಿ ಕೂರುವುದು ಹರ್ಕಮಾಯಾಳ ಪಾಲಿನ ಕೆಲಸ.

ಮೊಮ್ಮಗಳ ಹೆಸರು ಸಿರ್ಜನಾ. ಮೊದಲ ವರ್ಷ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಎಲ್ಲರೂ ನಕ್ಕಾಗ ಸ್ವಲ್ಪ ತಡವಾಗಿ ನಗುತ್ತಿದ್ದಳು. ಬಚ್ಚಲಿಗೆ ಹೋಗಬೇಕೆಂದು ಕೇಳಲು ಬಾರದ್ದರಿಂದ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಳು. ಲೋಟದ ನೀರನ್ನು ಕಿಟಕಿಯಲ್ಲಿದ್ದ ಕೊತ್ತಂಬರಿ ಕುಂಡಕ್ಕೆ ಸುರಿಯುತ್ತಿದ್ದಳು. ಆ ವರ್ಷ ಕೊತ್ತಂಬರಿ ಚೆನ್ನಾಗಿ ಬಂತು. ಸಂಜೆ ಗೋಡೆಯ ಕಡೆ ತಿರುಗಿ ಕೂತು, ದಿನವಿಡೀ ಕೇಳಿದ್ದನ್ನು ಅರ್ಥ ತಿಳಿಯದೆಯೇ ಪಿಸುಗುಡುತ್ತಿದ್ದಳು, ಟೀಚರ್ ಕೆಮ್ಮಿದ್ದರೆ ಆ ಕೆಮ್ಮಿನ ಸಮೇತ.

ಮೂರನೆಯ ವರ್ಷಕ್ಕೆ ಅವಳೇ ಮನೆಯ ಬಾಯಿಯಾದಳು. ಶಾಲೆಯಲ್ಲಿ ಟೀಚರ್ ಮಿಸ್ ಡೊನೊವನ್ ಮತ್ತು ಅಜ್ಜಿಯ ನಡುವೆ ಕೂತು ಮಾತು ದಾಟಿಸುತ್ತಿದ್ದವಳೂ ಅವಳೇ. ಟೀಚರ್ ಹುಡುಗಿಯನ್ನು ಬಾಯಿ ತುಂಬ ಹೊಗಳುತ್ತಿದ್ದರು. ಸಿರ್ಜನಾ ಅಜ್ಜಿಗೆ, "ಪರವಾಗಿಲ್ಲವಂತೆ ಬೋಜು," ಎನ್ನುತ್ತಿದ್ದಳು. ಹರ್ಕಮಾಯಾ ಮರ್ಯಾದಸ್ಥರು ಹೇಳಬೇಕಾದ್ದನ್ನು ಹೇಳುತ್ತಿದ್ದಳು: "ಸೋಮಾರಿ ಎಮ್ಮೆ ಇದು. ಏನೂ ಬರಲ್ಲ ಇದಕ್ಕೆ. ನಾಲ್ಕು ಬಾರಿಸಿ, ನಾವೇನೂ ಕೇಳಲ್ಲ." ಸಿರ್ಜನಾ ಟೀಚರಿಗೆ, "ಅಜ್ಜಿ ಥ್ಯಾಂಕ್ಸ್ ಹೇಳ್ತಿದ್ದಾರೆ," ಎನ್ನುತ್ತಿದ್ದಳು. ಎರಡೂ ಕಡೆಯವರು ತೃಪ್ತಿಯಿಂದ ಏಳುತ್ತಿದ್ದರು.

ಹರ್ಕಮಾಯಾ ಯಾವ ಮಗುವನ್ನೂ ಹೊಗಳುವವಳಲ್ಲ. ಶಿಬಿರದಲ್ಲಿ ಅವಳಿಗೊಬ್ಬಳು ಮಗಳಿದ್ದಳು. ಹೊರಗಿನಿಂದ ಬಂದ ಹೆಂಗಸೊಬ್ಬಳು ಎಂಥ ಚೆಂದದ ಮಗು ಎಂದಳು. ಅದೇ ವಾರ ಮಗು ಹೋಯಿತು. ಡಾಕ್ಟರು ಭೇದಿ ಎಂದರು. ಹರ್ಕಮಾಯಾ ಡಾಕ್ಟರ ಮಾತನ್ನು ಅಲ್ಲಗಳೆಯುವುದಿಲ್ಲ. ಹೊಗಳಿಕೆ ಮೊದಲು ಬಂದಿತ್ತು ಎಂದಷ್ಟೇ ಹೇಳುತ್ತಾಳೆ.

ಈ ವರ್ಷ ಶಾಲೆಯಲ್ಲಿ ಹೊಸ ನಿಯಮ ಬಂತು: ಮಕ್ಕಳ ವಿಷಯಕ್ಕೆ ಮಕ್ಕಳೇ ದುಭಾಷಿಯಾಗಬಾರದು. ಸಿರ್ಜನಾಳನ್ನು ಹೊರಗೆ ಕೂರಿಸಿದರು. ಮೇಜಿನ ಮೇಲಿನ ಫೋನಿನಿಂದ, ಯಾವುದೋ ಊರಿನಲ್ಲಿ ಕೂತ ನೇಪಾಳಿ ಗಂಡಸೊಬ್ಬ ಮಾತಾಡಿದ. ಒಳ್ಳೆಯ ಕೆಲಸಗಾರ. ಹರ್ಕಮಾಯಾ ಎಂದಿನಂತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದ. ಮಿಸ್ ಡೊನೊವನ್ ಪೆನ್ನು ಕೆಳಗಿಟ್ಟರು.

ಎರಡು ದಿನಕ್ಕೆ ಫೋನ್ ಬಂತು. ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬರು ಗುರುವಾರ ಮನೆಗೆ ಬರುತ್ತಾರೆಂದು.

ಕೆಳಗಿನ ಜಗಲಿಯಲ್ಲಿ ಸದಾ ಕೂತಿರುವ ದಿಲ್ಲಿರಾಮ್ ಮುದುಕ ವಿವರಿಸಿದ. "ಈ ದೇಶದಲ್ಲಿ ಮಕ್ಕಳ ಬೆನ್ನಿಗೂ ಕಾನೂನಿದೆ, ದಿದಿ. ಹೊಡೀತಾರೆ ಅನ್ನಿಸಿದ್ರೆ ಮಗೂನ ಬೇರೆಯವರ ಮನೇಲಿ ಇಡ್ತಾರೆ."

"ನಾನು ಯಾವತ್ತು ಹೊಡೆದೆ?"

"ಹೊಡೆದಿಲ್ಲ. ಹೊಡೀರಿ ಅಂದ್ರಿ. ಹೊಡೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಮಗ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, "ಆಮಾ, ಅವರೆದುರಿಗೆ ಅವಳನ್ನ ಸ್ವಲ್ಪ ಹೊಗಳು. ಅಷ್ಟೇ ಸಾಕು," ಎಂದ. ಗುರುವಾರ ಹರ್ಕಮಾಯಾ ಸಿರ್ಜನಾಳ ತಲೆ ಬಾಚಿ, ಕಿವಿಯ ಹಿಂದೆ ಕಾಡಿಗೆಯ ಚುಕ್ಕೆ ಇಟ್ಟಳು. ಎಂದಿನದಕ್ಕಿಂತ ದೊಡ್ಡದು. ಹೊಗಳಿಕೆಗೆ ತಕ್ಕಷ್ಟು.

ಬಂದ ಹೆಂಗಸು ಸೌಮ್ಯಳು. ಚಹಾ ಬೇಡ ಎಂದಳು, ಆದರೂ ಚಹಾ ಬಂತು. ಫೋನನ್ನು ಮೇಜಿನ ಮೇಲಿಟ್ಟಳು. ಅದೇ ಗಂಡಸಿನ ದನಿ. ಸಿರ್ಜನಾ ಕೂದಲು ಸರಿಮಾಡಿಕೊಂಡಾಗ ಹೆಂಗಸಿನ ಕಣ್ಣು ಕಿವಿಯ ಹಿಂದಿನ ಕಪ್ಪು ಗುರುತಿನ ಮೇಲೆ ನಿಂತಿತು. ಅವಳು ಮುಂದೆ ಬಾಗಿ, ಮೆಲ್ಲನೆ ಏನೋ ಕೇಳಿದಳು.

"ಏನೂ ಇಲ್ಲ, ಕಾಡಿಗೆ," ಎಂದು ಸಿರ್ಜನಾ ಹೆಬ್ಬೆರಳಿಂದ ಅದನ್ನು ಪೂರ್ತಿ ಒರೆಸಿ, ಕಪ್ಪಾದ ಬೆರಳನ್ನು ತೋರಿಸಿದಳು. ಹೆಂಗಸಿಗೆ ಸಮಾಧಾನವಾಯಿತು.

ಹರ್ಕಮಾಯಾಳ ಕೈ ತಾನಾಗಿ ಕಾಡಿಗೆ ಡಬ್ಬಿಗೆ ತಡಕಾಡಿತು. ಅದು ಒಳಗಿನ ಕೋಣೆಯಲ್ಲಿತ್ತು. ಫೋನು ಆಗಲೇ ಪ್ರಶ್ನೆಯನ್ನು ದಾಟಿಸುತ್ತಿತ್ತು: "ಈ ಹುಡುಗಿ ಎಂಥವಳು ಅಂತ ಕೇಳ್ತಿದ್ದಾರೆ, ಬೋಜು."

ಅವಳು ತನ್ನ ಚಹಾದ ಲೋಟವನ್ನು ಬದಿಗೆ ಸರಿಸಿದಳು. ಕೆನೆ ಕಟ್ಟಿತ್ತು.

"ಮೊದಲನೇ ವರ್ಷ ಶಾಲೇಲಿ ಬಚ್ಚಲಿಗೆ ಕೇಳೋಕೆ ಬರಲ್ಲ ಅಂತ ನೀರು ಕುಡೀತಿರಲಿಲ್ಲ," ಎಂದಳು. "ಕುಂಡಕ್ಕೆ ಸುರೀತಿದ್ದಳು. ನಾನು ನೋಡ್ತಿದ್ದೆ. ಸಂಜೆ ಬಸ್ಸಿಳಿದ ತಕ್ಷಣ ಕುಡಿಯಲಿ ಅಂತ ಸೆರಗಿನಡಿ ಬಾಟಲಿ ಹಿಡ್ಕೊಂಡು ಹೋಗ್ತಿದ್ದೆ. ಒಂದು ದಿನಾನೂ ಶಾಲೆಗೆ ಹೋಗಲ್ಲ ಅನ್ನಲಿಲ್ಲ. ಈಗ ಕರೆಂಟಿನವರು ಫೋನ್ ಮಾಡಿದ್ರೆ ದೊಡ್ಡೋರೆಲ್ಲ ಅವಳ ಬೆನ್ನ ಹಿಂದೆ ನಿಂತ್ಕೋತೀವಿ." ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಒಳ್ಳೆ ಹುಡುಗಿ."

"ಕೊನೇ ಮಾತು ಕೇಳಿಸಲಿಲ್ಲ, ಬೋಜು. ಇನ್ನೊಂದ್ಸಲ ಹೇಳ್ತೀರಾ?"

"ಒಂದ್ಸಲ ಹೇಳಿದ್ದೇ ಹೆಚ್ಚಾಯ್ತು."

ಅವನು ಅದನ್ನೂ ಇಂಗ್ಲಿಷಿಗೆ ತಂದ. ಅವನಿಗೆ ಕೇಳಿಸದ 'ಒಳ್ಳೆ ಹುಡುಗಿ'ಯನ್ನು ಹೆಂಗಸಿಗೆ ಹೇಳಿದವಳು ಸಿರ್ಜನಾ, ನೆಲ ನೋಡುತ್ತಾ. ತನ್ನ ಬಗ್ಗೆಯೇ ಆದ್ದರಿಂದ ಅವಳಿಗೆ ಅದು ಕಷ್ಟವಾಯಿತು. ಕುಂಡದ ವಿಷಯ ಯಾರಿಗೂ ಗೊತ್ತಿಲ್ಲವೆಂದು ಅವಳು ಇಷ್ಟು ದಿನ ತಿಳಿದಿದ್ದಳು.

ಹೆಂಗಸು ಚಹಾ ಪೂರ್ತಿ ಕುಡಿದಳು. ಇನ್ನು ಬರುವ ಅಗತ್ಯವಿಲ್ಲವೆಂದು ಹೇಳಿ ಹೋದಳು.

ಮರುದಿನ ಬಸ್ಸು ಬರುವವರೆಗೆ ಹರ್ಕಮಾಯಾ ಮೊಮ್ಮಗಳ ಹಣೆ ಮುಟ್ಟಿ ನೋಡುತ್ತಲೇ ಇದ್ದಳು. ಹಣೆ ತಣ್ಣಗಿತ್ತು. ಕಿವಿಯ ಹಿಂದೆ ಹೊಸ ಚುಕ್ಕೆ ಇತ್ತು. ಬಸ್ಸು ಉಸಿರು ಬಿಟ್ಟು ಹೊರಟುಹೋಯಿತು.

"ನಿನ್ನೆ ಹೊಗಳಿದ್ರಂತೆ, ದಿದಿ?" ದಿಲ್ಲಿರಾಮ್ ಜಗಲಿಯಿಂದ ಕೇಳಿದ.

"ಯಾರನ್ನ? ಆ ಎಮ್ಮೇನಾ?" ಅವಳು ನಿಲ್ಲಲಿಲ್ಲ. "ಒಂದು ಕಾಲಿಗೆ ಕೆಂಪು ಚೀಲ, ಇನ್ನೊಂದಕ್ಕೆ ಬಿಳೀದು ಹಾಕ್ಕೊಂಡು ಹೋಗಿದಾಳೆ. ಸಂಜೆ ಬರಲಿ, ಹಿಡಿದು ನಾಲ್ಕು..." ಎಂದವಳು ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ಸೆರಗು ಬಿಗಿದು, ಮೆಟ್ಟಿಲಿನತ್ತ ನಡೆದಳು.