ಬಿಚ್ಚದ ಗಂಟು

ಫೈಲಿನ ಹೆಸರು ಬದಲಾಯಿಸಿದರೆ ಫೈಲು ಬದಲಾಗುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಸಂಬಳ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಗೊತ್ತಿಲ್ಲದೆ ಹೋದರೆ ಯಾರಿಗೆ ಏನಾಗುತ್ತದೆ ಎಂದು ನೋಡಬೇಕಾದರೆ ಆ ದೊಡ್ಡಾಸ್ಪತ್ರೆಯ ನೆಲಮಾಳಿಗೆಗೆ ಇಳಿಯಬೇಕು. ಲಿಫ್ಟು ಅಲ್ಲಿಗೆ ಹೋಗುವುದಿಲ್ಲ. ಹದಿನಾಲ್ಕು ಮೆಟ್ಟಿಲು.

ಕೆಳಗೆ ಬಟ್ಟೆಕೋಣೆ. ಅದರಲ್ಲಿ ಹದಿನಾರು ವರ್ಷದಿಂದ ಒಬ್ಬಳೇ ದುಡಿಯುವ ಹೆಂಗಸಿಗೆ ಇಡೀ ಆಸ್ಪತ್ರೆಯಲ್ಲಿ ಚಾದರದಕ್ಕ ಎಂದೇ ಹೆಸರು. ಹೆಸರಿದೆ ನಿಜ, ಆದರೆ ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಗೋಡೆಗೆ ಹೊಡೆದ ಫೋನೊಂದು ಕರೆಯುತ್ತದೆ. "ಹೆರಿಗೆ ವಾರ್ಡು, ಇಪ್ಪತ್ತು ಚಾದರ" ಎನ್ನುತ್ತದೆ, ಇಟ್ಟುಬಿಡುತ್ತದೆ. ಒಗೆಯುವ ಕಾರ್ಖಾನೆಯಿಂದ ಬೆಳಗ್ಗೆ ಗಂಟುಗಳು ಬರುತ್ತವೆ. ಒಂದೊಂದಕ್ಕೂ ಯಾವ ವಾರ್ಡಿನದು ಎಂದು ಬರೆದ ಚೀಟಿ ಕಟ್ಟಿರುತ್ತದೆ. ಅವಳು ಗಂಟು ಬಿಚ್ಚಿ, ಎಣಿಸಿ, ಹರಿದದ್ದನ್ನು ಹೊಲಿದು, ಮಡಿಸಿ, ಮೇಲಕ್ಕೆ ಕಳಿಸುತ್ತಾಳೆ. ತೊಳೆದರೂ ಹೋಗದ ಕಲೆ ನೋಡಿ ಯಾವ ವಾರ್ಡಿನಲ್ಲಿ ಯಾರಿಗೆ ಏನಾಗಿತ್ತು ಎಂದು ಹೇಳಬಲ್ಲಳು. ಕೇಳುವವರಿಲ್ಲ.

ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ. ತಂಗಿಯೊಬ್ಬಳು ಬೇರೆ ಊರಿನಲ್ಲಿದ್ದಾಳೆ, ನೆನಪಾದಾಗ ಫೋನು ಮಾಡುತ್ತಾಳೆ, ನೆನಪಾಗುವುದು ಅಪರೂಪ. ಪಕ್ಕದ ಮನೆಯ ಗಂಡ ಹೆಂಡತಿ ಜಗಳವಾಡಿದಾಗ ಇವಳು ಗೋಡೆಗೆ ಹತ್ತಿರ ಕುಳಿತುಕೊಳ್ಳುತ್ತಾಳೆ. ಕದ್ದು ಕೇಳುವ ಚಪಲವಲ್ಲ ಅದು, ಮನುಷ್ಯರ ದನಿಯ ಹಸಿವು. ಶನಿವಾರ ಸಂಜೆ ಮುಚ್ಚಿದ ಬಾಯಿ ತೆರೆಯುವುದು ಸೋಮವಾರ ಬೆಳಗ್ಗೆ ಗೇಟಿನಲ್ಲಿ. ಆಗ ಮೊದಲ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. "ಏನಕ್ಕಾ, ಶೀತಾನಾ?" ಎಂದು ಕಾವಲಿನವನು ಪ್ರತಿವಾರ ಕೇಳುತ್ತಾನೆ. ಹೌದೆನ್ನುತ್ತಾಳೆ.

ಒಮ್ಮೆ ಮಕ್ಕಳ ವಾರ್ಡಿನಲ್ಲಿ ಜನ ಸಾಲದೆ ಇವಳನ್ನು ನಾಲ್ಕು ದಿನ ಮೇಲಕ್ಕೆ ಕರೆಸಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಂದು ಹುಡುಗಿ ಇವಳು ಟವೆಲು ಮಡಿಸುವುದನ್ನು ನೋಡಿ ಮೊಲ ಮಾಡಿಕೊಡು ಎಂದು ಹಟ ಹಿಡಿಯಿತು. ಚಾದರದಕ್ಕ ಮೊಲ ಮಾಡಿದಳು. ಮರುದಿನ ಹನ್ನೊಂದು ಹಾಸಿಗೆಗೆ ಹನ್ನೊಂದು ಮೊಲ. ಆ ನಾಲ್ಕು ದಿನ ಅವಳು ಆಡಿದಷ್ಟು ಮಾತನ್ನು ಆ ವರ್ಷವಿಡೀ ಆಡಿರಲಿಲ್ಲ. ಐದನೇ ದಿನ ಮತ್ತೆ ಹದಿನಾಲ್ಕು ಮೆಟ್ಟಿಲು ಇಳಿದಳು.

ಅವತ್ತಿನಿಂದ ಅವಳ ತಲೆಯಲ್ಲಿ ಒಂದೇ ಹುಳ: ಮಕ್ಕಳ ವಾರ್ಡಿಗೆ ಸಹಾಯಕಿಯಾಗಿ ಹೋಗಬೇಕು. ಸಂಬಳ ಅಷ್ಟೇ, ದುಡಿತ ಹೆಚ್ಚು, ಇರಲಿ. ಆರು ತಿಂಗಳು ಭಾನುವಾರ ಭಾನುವಾರ ರೋಗಿಗಳ ಆರೈಕೆಯ ತರಬೇತಿಗೆ ಹೋದಳು. ಅಲ್ಲಿ ತನಗಿಂತ ಅರ್ಧ ವಯಸ್ಸಿನವರ ಜತೆ ಬೆಂಚಿನಲ್ಲಿ ಕುಳಿತು ಪರೀಕ್ಷೆ ಬರೆದು ಪ್ರಮಾಣಪತ್ರ ತಂದಳು. ಆಸ್ಪತ್ರೆಯೊಳಗಿನವರಿಗೇ ಎಂದು ಹುದ್ದೆ ಕರೆದಾಗ ಅವಳಿಗೆ ನಲವತ್ತೊಂಬತ್ತು. ಐವತ್ತಾದವರು ಅರ್ಜಿ ಹಾಕುವಂತಿಲ್ಲ. ಈ ಸಲ ತಪ್ಪಿದರೆ ಇನ್ನು ಆ ಮೆಟ್ಟಿಲು ಹತ್ತುವುದು ಮನೆಗೆ ಹೋಗುವುದಕ್ಕೆ ಮಾತ್ರ.

ಅರ್ಜಿಯನ್ನು ಫೋನಿನಲ್ಲೇ ತುಂಬಬೇಕು. ಪ್ರಮಾಣಪತ್ರವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಫೋಟೊ ತೆಗೆದಳು. ಹಾಕಲು ಹೋದರೆ ಕೆಂಪಕ್ಷರದಲ್ಲಿ ಬಂತು: ಪಿಡಿಎಫ್ ಮಾತ್ರ. ಪಿಡಿಎಫ್ ಎಂದರೇನು, ಅದನ್ನು ಮಾಡುವುದು ಹೇಗೆ ಎಂದು ಒಂದು ಸಾಲು ಬರೆದಿದ್ದರೆ ಆ ಪರದೆಗೆ ಭಾರವಾಗುತ್ತಿರಲಿಲ್ಲ. ಬರೆದಿರಲಿಲ್ಲ. ಅವಳಿಗೆ ಕೇಳಲು ಇದ್ದದ್ದು ಒಬ್ಬನೇ, ಗೇಟಿನ ಕಾವಲಿನವನು. ಅವನು ಫೋನು ತಿರುಗಿಸಿ ನೋಡಿ ಲೋಕಜ್ಞಾನಿಯಂತೆ ಹೇಳಿದ: "ಚುಕ್ಕಿ ಆದ್ಮೇಲೆ ಜೆಪಿಜಿ ಅಂತಿದೆ ನೋಡಕ್ಕಾ. ಅದನ್ನ ಅಳಿಸಿ ಪಿಡಿಎಫ್ ಅಂತ ಬರಿ. ಅದಕ್ಕೇನು ಕಣ್ಣಿದ್ಯಾ, ಒಳಗೆ ನೋಡೋಕೆ?"

ಅದಕ್ಕೆ ಕಣ್ಣಿರಲಿಲ್ಲ. ಹೆಸರು ನೋಡಿ ಒಳಗೆ ಬಿಟ್ಟುಕೊಂಡಿತು. ಅರ್ಜಿ ಸ್ವೀಕರಿಸಲಾಗಿದೆ ಎಂಬ ಹಸಿರು ಸಾಲು ಬಂತು. ಚಾದರದಕ್ಕ ಅವತ್ತು ಮನೆಗೆ ಹೋಗುವಾಗ ಒಂದು ಸ್ಟಾಪು ಮೊದಲೇ ಇಳಿದು ನಡೆದಳು, ಸಂತೋಷವನ್ನು ಅಷ್ಟು ಬೇಗ ಒಂಟಿ ಕೋಣೆಗೆ ಒಯ್ಯಲು ಮನಸ್ಸಾಗದೆ.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ಪಟ್ಟಿ ಅಂಟಿಸಿದರು. ಅವಳ ಹೆಸರಿನ ಮುಂದೆ ಎರಡೇ ಪದ: ಫೈಲ್ ತೆರೆಯುತ್ತಿಲ್ಲ. ಪಕ್ಕದ ಕಾಲಮ್ಮಿನಲ್ಲಿ ತಿರಸ್ಕೃತ. ತಕರಾರಿದ್ದವರು ನಾಳೆ ಸಂಜೆಯೊಳಗೆ ಕಚೇರಿಗೆ ಬರಬೇಕು ಎಂದು ಕೆಳಗೆ. ಪ್ರಮಾಣಪತ್ರವೇ ಹಾಳಾಯಿತೇನೋ ಎಂದು ಅವಳು ಮನೆಗೆ ಓಡಿ ಪೆಟ್ಟಿಗೆ ತೆರೆದಳು. ಕಾಗದ ಅಲ್ಲೇ ಇತ್ತು, ಇಸ್ತ್ರಿ ಮಾಡಿದಂತೆ.

ಶುಕ್ರವಾರ ಮಧ್ಯಾಹ್ನ ಅದನ್ನೂ ಫೋನನ್ನೂ ಹಿಡಿದು ಆಸ್ಪತ್ರೆ ಎದುರಿನ ಟೈಪಿಂಗ್ ಅಂಗಡಿಗೆ ಹೋದಳು. ಅಂಗಡಿಯ ಯಜಮಾನಿ ದಪ್ಪ ಕನ್ನಡಕದ, ಖಾರ ನಾಲಿಗೆಯ ಹೆಂಗಸು. ಕತೆ ಕೇಳಿ ಮೊದಲು ಬೈದಳು, ಆಮೇಲೆ ಸ್ಟೂಲು ಎಳೆದು ಕೂರಿಸಿದಳು. ಚುಕ್ಕಿಯ ನಂತರದ ಅಕ್ಷರಗಳು ಆ ಫೈಲನ್ನು ಯಾವ ಸಾಫ್ಟ್‌ವೇರಿನಿಂದ ತೆರೆಯಬೇಕು ಎಂದು ಕಂಪ್ಯೂಟರಿಗೆ ಹೇಳುವ ಗುರುತು ಅಷ್ಟೇ ಎಂದಳು. ಜೆಪಿಜಿ ಅಂದರೆ ಚಿತ್ರ, ಫೋಟೊ ತೋರಿಸುವ ಯಾವುದರಲ್ಲಾದರೂ ತೆರೆಯುತ್ತದೆ. ಡಾಕ್ಸ್ ಅಂದರೆ ಇನ್ನೂ ತಿದ್ದಬಹುದಾದ ಬರಹ. ಪಿಡಿಎಫ್ ಅಂದರೆ ಎಲ್ಲಿ ತೆರೆದರೂ ಒಂದೇ ಥರ ಕಾಣುವಂತೆ ಕಟ್ಟಿದ ಪುಟ. ಜಿಪ್ ಅಂದರೆ ಹಲವು ಫೈಲು ತುರುಕಿದ ಚೀಲ, ಮೊದಲು ಬಿಡಿಸಿ ಹೊರಗೆ ಸುರಿಯಬೇಕು.

"ನೀನು ಫೋಟೊಗೆ ಪಿಡಿಎಫ್ ಅಂತ ಹೆಸರಿಟ್ಟೆ. ಪಿಡಿಎಫ್ ತೆರೆಯೋ ಸಾಫ್ಟ್‌ವೇರು ಪುಟ ಹುಡುಕ್ತು, ಸಿಗ್ಲಿಲ್ಲ, ಹಾಳಾಗಿದೆ ಅಂತು. ಹಾಳೂ ಇಲ್ಲ ಮಣ್ಣೂ ಇಲ್ಲ."

ಹೀಗೆಂದು ಫೈಲಿನ ಒಂದು ನಕಲು ಮಾಡಿ ಹೆಸರಿನ ಕೊನೆಯನ್ನು ಮತ್ತೆ ಜೆಪಿಜಿ ಮಾಡಿದಳು. ಎರಡು ಸಲ ಒತ್ತಿದಳು. ಪರದೆ ತುಂಬ ಪ್ರಮಾಣಪತ್ರ, ಮೊಹರು, ಸಹಿ, ಎಡಮೂಲೆಯಲ್ಲಿ ಅದನ್ನು ಹಿಡಿದ ಚಾದರದಕ್ಕನ ಹೆಬ್ಬೆರಳು. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಫೋನಿನಲ್ಲಿ ಫೋಟೊ ತೆರೆದು, ಪ್ರಿಂಟ್ ಎಂಬಲ್ಲಿಗೆ ಹೋಗಿ, ಕಾಗದದ ಬದಲು ಪಿಡಿಎಫ್ ಆಗಿ ಉಳಿಸುವುದನ್ನು ಅವಳ ಕೈಯಿಂದಲೇ ಮಾಡಿಸಿದಳು. "ಇಷ್ಟೇನಾ?" ಎಂದಳು ಚಾದರದಕ್ಕ. ಯಜಮಾನಿ ಕನ್ನಡಕ ತೆಗೆದು ಒರೆಸಿಕೊಂಡಳು.

ಮೂರು ಗಂಟೆಗೆ ಕಚೇರಿ. ಅರ್ಜಿ ನೋಡುವ ಗುಮಾಸ್ತೆ ಕೆಟ್ಟವಳಲ್ಲ, ಇದನ್ನು ಹೇಳಲೇಬೇಕು. ಕೆಟ್ಟವರಿಂದ ಆಗುವ ಅನ್ಯಾಯ ನಮ್ಮಲ್ಲಿ ಕಡಿಮೆ, ತಲೆ ಎತ್ತದವರಿಂದ ಆಗುವುದೇ ಹೆಚ್ಚು. ತಕರಾರು ಪರೀಕ್ಷೆಯ ಅಂಕದ ಬಗ್ಗೆ ಇದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ, ಫೈಲು ತೆರೆಯದಿದ್ದರೆ ಅರ್ಜಿ ಹಾಕಿಲ್ಲ ಎಂದೇ ಲೆಕ್ಕ ಎಂದಳು. ಹೆಸರಿನ ಕೊನೆ ಬದಲಾಯಿಸಿದರೆ ತೆರೆಯುತ್ತದೆ ಎಂದು ಚಾದರದಕ್ಕ ವಿವರಿಸಿದಳು. ಅದು ನಮ್ಮ ಕೆಲಸವಲ್ಲ ಎಂದಳು ಗುಮಾಸ್ತೆ.

ಚಾದರದಕ್ಕ ಹೊರಡಲಿಲ್ಲ. ದನಿ ಏರಿಸಲೂ ಇಲ್ಲ.

"ನನ್ನ ಹತ್ರ ದಿನಾ ಗಂಟು ಬರುತ್ತೆ ಮೇಡಂ. ವಾರಕ್ಕೆ ನಾಲ್ಕು ಸಲ ಚೀಟಿ ತಪ್ಪಿರುತ್ತೆ. ಮಕ್ಕಳ ವಾರ್ಡು ಅಂತ ಬರೆದಿರ್ತಾರೆ, ಒಳಗೆ ಆಪರೇಷನ್ ಕೋಣೆ ಬಟ್ಟೆ. ನಾನು ಬಿಚ್ಚಿ ನೋಡ್ತೀನಿ. ಚೀಟಿ ತಪ್ಪು ಅಂತ ಹಂಗೇ ವಾಪಸ್ ಕಳಿಸಿದ್ರೆ ಮೇಲೆ ರೋಗಿ ಬರೀ ಹಾಸಿಗೆ ಮೇಲೆ ಮಲಗ್ಬೇಕು. ಹದಿನಾರು ವರ್ಷದಲ್ಲಿ ಒಂದು ಗಂಟೂ ಬಿಚ್ಚದೆ ಕಳಿಸಿಲ್ಲ."

ಗುಮಾಸ್ತೆ ಮೊದಲ ಬಾರಿಗೆ ಮುಖ ನೋಡಿದಳು. ಮೌಸು ಎಳೆದುಕೊಂಡು ಹೇಳಿದಂತೆ ಮಾಡಿದಳು. ಪ್ರಮಾಣಪತ್ರ ಬಂತು, ಹೆಬ್ಬೆರಳೂ ಬಂತು. ಅವಳು ಪರದೆಯ ಹೆಬ್ಬೆರಳನ್ನು ನೋಡಿದಳು, ಮೇಜಿನ ಅಂಚಿನ ಮೇಲಿದ್ದ ಹೆಬ್ಬೆರಳನ್ನು ನೋಡಿದಳು. ಎದ್ದು ಸಾಹೇಬರ ಕೋಣೆಗೆ ಹೋದಳು. ಹೊರಗೆ ಬರುವಾಗ ಮತ್ತೆ ಮುಖ ತಗ್ಗಿತ್ತು.

"ಆಗಲ್ವಂತೆ ಅಕ್ಕಾ. ನಿಮ್ಮದೊಂದು ತೆರೆದ್ರೆ ಇಂಥವೇ ಇನ್ನೂ ಮೂವತ್ತೊಂದು ಇದಾವಂತೆ, ಅವನ್ನೂ ತೆರೀಬೇಕಾಗುತ್ತಂತೆ."

ಕೇಳಿದಿರಲ್ಲ. ತೆರೆಯಲಾಗದು ಎಂದಲ್ಲ, ತೆರೆಯಬೇಕಾಗುತ್ತದೆ ಎಂದು. ಒಂದಕ್ಕೆ ಒಂದು ನಿಮಿಷದಂತೆ ಮೂವತ್ತೊಂದು ನಿಮಿಷ. ಅಲ್ಲಿಯ ಮಧ್ಯಾಹ್ನದ ಚಹಾಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯನ್ನೂ ಎತ್ತಲಿಲ್ಲ, ಸುಮ್ಮನೆ ಕುಳಿತೇ ಒಡೆದರು.

ಶನಿವಾರ ಬೆಳಗ್ಗೆ ಗೇಟಿನಲ್ಲಿ ಕಾವಲಿನವನು ಏನಾಯಿತೆಂದು ಕೇಳಿದ. ಜಾಗ ತುಂಬಿಹೋಗಿತ್ತಂತೆ ಎಂದಳು. ಅವನ ಉಪಾಯದಿಂದ ಹೀಗಾಯಿತೆಂದು ಹೇಳಿದರೆ ಸೋಮವಾರ ಶೀತವೇ ಎಂದು ಕೇಳುವವರೂ ಇರುವುದಿಲ್ಲ.

ಮೆಟ್ಟಿಲಿಳಿದಳು. ಗಂಟುಗಳು ಬಂದು ಬಿದ್ದಿದ್ದವು. ಮೊದಲನೆಯದರ ಚೀಟಿಯಲ್ಲಿ ಹೆರಿಗೆ ವಾರ್ಡು ಎಂದಿತ್ತು, ಬಿಚ್ಚಿದರೆ ಮಕ್ಕಳ ವಾರ್ಡಿನ ಟವೆಲುಗಳು. ಎಣಿಸಿದಳು, ಮಡಿಸಿದಳು, ಹೊಸ ಚೀಟಿ ಬರೆದಳು. ಮೇಲಿನ ಒಂದು ಟವೆಲನ್ನು ಮಾತ್ರ ಮೊಲದ ಹಾಗೆ ಮಡಿಸಿ ಇಟ್ಟು ಕಳಿಸಿದಳು. ಆಮೇಲೆ ಗೋಡೆಯ ಫೋನಿನ ಹತ್ತಿರವೇ ಸ್ಟೂಲು ಹಾಕಿಕೊಂಡು ಹರಿದ ದಿಂಬಿನ ಚೀಲ ಹೊಲಿಯುತ್ತ ಕುಳಿತಳು.

ಹತ್ತೂವರೆಗೆ ಫೋನು ಬಡಿದುಕೊಂಡಿತು. "ಮಕ್ಕಳ ವಾರ್ಡು. ಟವೆಲು ಒಂದು ಸರಿಯಾಗಿ ಮಡಿಸಿಲ್ಲ, ಸ್ವಲ್ಪ ನೋಡ್ಕೊಳ್ಳಿ" ಎಂದಿತು. ಸರಿ ಎಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟಿತು.

ಓದುವವರೇ, ನಿಮ್ಮ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ ಎಂದು ಬದಿಗೆ ತಳ್ಳಿದ ಯಾರದೋ ಫೈಲು ಇದೆ. ಹೆಸರಿನ ಕೊನೆ ನೋಡಿ, ನಕಲು ಮಾಡಿ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಆಗಲೂ ತೆರೆಯದಿದ್ದರೆ ಅರ್ಜಿಯಲ್ಲಿ ಫೋನ್ ನಂಬರಿದೆ, ಅವರಿಗೆ ಫೋನು ಮಾಡಿ ಕೇಳಿ. ನಾಳೆಗೆ ಬಿಡಬೇಡಿ, ಈ ಕಾಗದ ಕೆಳಗಿಟ್ಟು ಈಗಲೇ ಮಾಡಿ.